ಮೆಕ್ಕೆಜೋಳ ಕಾಯುತ್ತಾ ಓದಿದ್ದು

ಒಂದು ಬೆಳಿಗ್ಗೆ ಬಾಗಿಲು ತೆರೆದರೆ ಮನೆಯೆದುರಿನ ಅರ್ಧ ರಸ್ತೆ ಕಾಣಲಿಲ್ಲ. ಅದರ ಮೇಲೆಲ್ಲ ಮೆಕ್ಕೆಜೋಳ ಹರಡಿತ್ತು, ಅಂಚಿಗೆ ಕಲ್ಲುಗಳ ಸಾಲು. ಕೊಂಡಜ್ಜಿ ಊರಿಗೆ ಹೋಗುವ ಬಸ್ಸು, ಪಕ್ಕದ ಮನೆಯ ರಂಗೋಲಿ ತುಳಿಯದೆ ನಡೆಯುವವರ ಹಾಗೆ, ಒತ್ತಿಗೆ ಸರಿದು ಹೋಯಿತು. ಕುಂದಾಪುರದ ನನ್ನ ಜನರೇ, ನಮ್ಮಲ್ಲಿ ಹೀಗೆ ಕಾಳು ಹರಡಿ ಮರೆತರೆ ವಾರದೊಳಗೆ ಮೊಳಕೆ ಕೊಯ್ಯಬಹುದು.

ಗಂಡನ ಕೆಲಸಕ್ಕಾಗಿ ನಾವು ಹರಿಹರಕ್ಕೆ ಬಂದಾಗ ಆಷಾಢ. ಪಾತ್ರೆಪಗಡಗಳ ಜೊತೆ ನನ್ನ ಖಿನ್ನತೆಯೂ ಬಂದಿತ್ತು. ದಾವಣಗೆರೆಯ ಡಾಕ್ಟರು ಮಾತ್ರೆ ಕೊಟ್ಟರು. ನಿದ್ದೆ ಬಂತು, ಊಟ ಸೇರಿತು, ಓದು ಮಾತ್ರ ಬರಲಿಲ್ಲ. ಮಳೆಗಾಲವಿಡೀ ಪುಸ್ತಕ ಹಿಡಿದು ಬೆಳೆದವಳಿಗೆ ಈಗ ಮೊದಲ ಪುಟ ಮುಗಿಯುವಷ್ಟರಲ್ಲಿ ಮೊದಲ ಸಾಲು ಮರೆತಿರುತ್ತಿತ್ತು. ದೀಪಾವಳಿ ಕಳೆದ ಮೇಲೆ ಅಣ್ಣ ಬಂದು ತವರಿಗೆ ಕರೆದೊಯ್ಯುವುದೆಂದು ಮಾತಾಗಿತ್ತು. ಮರಳಿ ಬರುವ ಮಾತನ್ನು ಯಾರೂ ಎತ್ತಿರಲಿಲ್ಲ. ಓದಲಾಗದ ನಾನು ಇನ್ನು ನಾನಾಗಿ ಉಳಿಯುವುದಿಲ್ಲವೆಂದು ನನಗೆ ಭಯವಾಗಿತ್ತು.

ಆ ಜೋಳ ನಮ್ಮ ಮನೆಯೊಡತಿ ಹಾಲಮ್ಮನವರದು. ಬಾಗಿಲಲ್ಲಿ ನಿಂತ ನನ್ನನ್ನು ನೋಡಿ ಕುರ್ಚಿ ತಂದಿಟ್ಟರು.

"ಒಳಗೆ ಕುಂತು ಗ್ವಾಡೆ ನೋಡಾದಕ್ಕಿಂತ ಇಲ್ಲಿ ಕುಂತು ದನ ನೋಡವ್ವ. ಕೈಯಾಗೊಂದು ಪುಸ್ತಕ ಇರ್ಲಿ."

"ನನಗೆ ಓದೋಕೆ ಆಗಲ್ಲ."

"ಓದ್ಬ್ಯಾಡ. ಹಿಡ್ಕಂಡು ಕುಂದ್ರು."

ಇಷ್ಟು ಸಸಾರದ ಕೆಲಸವನ್ನು ನನಗೆ ಯಾರೂ ಕೊಟ್ಟಿರಲಿಲ್ಲ. ಒಪ್ಪಿಕೊಂಡೆ.

ಇಲ್ಲಿನ ಶರತ್ಕಾಲ ಕುರ್ಚಿಯಲ್ಲಿ ಕೂತು ನೋಡಬೇಕಾದದ್ದು. ನಮ್ಮಲ್ಲಿ ಆಶ್ವಯುಜದಲ್ಲೂ ಗುಡುಗಿನ ಬೆದರಿಕೆ ಮುಗಿಯದು. ಇಲ್ಲಿ ತೊಳೆದಿಟ್ಟ ಆಕಾಶ, ಮೈಗೆ ಹಿತವಾದ ಬಿಸಿಲು. ಆಗಾಗ ಬರಿಗಾಲು ಎಳೆಯುತ್ತಾ ಕಾಳಿನ ನಡುವೆ ನಡೆದು ಅದನ್ನು ತಿರುವಬೇಕು. ಸಂಜೆ ರಾಶಿ ಮಾಡಿ ತಾಡಪಾಲು, ಅಂದರೆ ನಮ್ಮ ಟರ್ಪಾಲು, ಹೊದಿಸಬೇಕು. ಕುಚ್ಚಲಕ್ಕಿ ಗಂಜಿಯ ನೆನಪು ಹೋಗಿರಲಿಲ್ಲ, ಆದರೆ ರೊಟ್ಟಿ ಸೇರತೊಡಗಿತ್ತು. ಚೂರು ಮೋಡ ಕಂಡರೆ ಮಾತ್ರ ಊರಲ್ಲಿ ಅಮ್ಮ ಬಟ್ಟೆ ಒಳಗೆ ತಂದಳೋ ಇಲ್ಲವೋ ಎಂದು ಮನಸ್ಸು ಓಡುತ್ತಿತ್ತು.

ಒಂದು ಮಧ್ಯಾಹ್ನ ಹಾಲಮ್ಮನವರ ಕೂಗು ಕೇಳಿ ತಲೆಯೆತ್ತಿದೆ. ನನ್ನ ಕಾಲ ಬುಡದಲ್ಲೇ ಎಮ್ಮೆಯೊಂದು ನಿಂತು ನೆಂಟರ ಮನೆಗೆ ಬಂದಂತೆ ಜೋಳ ಮೇಯುತ್ತಿತ್ತು. ಅವರು ಅದನ್ನು ಅಟ್ಟಿ ಬಂದು ಸೊಂಟಕ್ಕೆ ಕೈಯಿಟ್ಟು ನಿಂತರು.

"ಇಷ್ಟು ದೊಡ್ಡ ಎಮ್ಮಿ ಕಾಣ್ಲಿಲ್ಲೇನವ್ವ?"

"ಕಾಣಲಿಲ್ಲ," ಎಂದೆ. ಆಗಲೇ ಕೈಯಲ್ಲಿದ್ದ ಪುಸ್ತಕ ನೋಡಿಕೊಂಡದ್ದು. ಹೆಬ್ಬೆರಳು ಪುಸ್ತಕದ ನಡುಮಧ್ಯದಲ್ಲಿತ್ತು. ಹಿಂದಿನ ಪುಟಗಳಲ್ಲಿ ಯಾರು ಏನಂದರು, ಯಾಕೆ ಮುನಿಸಿಕೊಂಡರು, ಎಲ್ಲವೂ ನೆನಪಿತ್ತು. ಅಳು ಬಂತು. ಸಂತೋಷದ ಅಳು ಹೇಗಿರುತ್ತದೆಂಬುದನ್ನೇ ಮರೆತಿದ್ದೆ.

ಹಾಲಮ್ಮ ಗಾಬರಿಯಾದರು. "ಸೇರು ಜೋಳಕ್ಕೆ ಯಾಕ ಅಳ್ತಿ? ಹೋಗ್ಲಿ ಬಿಡು." ಕಣ್ಣೊರೆಸಿಕೊಂಡು ನಿಜ ಹೇಳಿದೆ. ಅವರು ಕಲ್ಲಿನ ಮೇಲೆ ಕೂತರು. "ಅಂಗಾದ್ರೆ ಆ ಕತಿ ಹೇಳು. ಎಮ್ಮಿ ಮೇಯ್ಸಿದ್ದು ಬಿಟ್ಟಿ ಆಗ್ಬಾರ್ದು."

ಮೆಕ್ಕೆಜೋಳ ಕಾದರೆ ಖಿನ್ನತೆ ವಾಸಿಯಾಗುತ್ತದೆಂದು ಯಾರೂ ತಿಳಿಯಬೇಡಿ. ಮಾತ್ರೆ ಈಗಲೂ ನುಂಗುತ್ತೇನೆ. ಕೆಟ್ಟ ದಿನ ಬಂದರೂ ಅದು ಕಳೆಯುತ್ತದೆಂಬ ನಂಬಿಕೆ ಮಾತ್ರ ಈಗ ನನ್ನದೇ.

ಅಣ್ಣ ಬಂದವನು ನನ್ನ ಸಣ್ಣ ಚೀಲ ನೋಡಿ, "ಇಷ್ಟೇಯಾ?" ಎಂದ.

"ವಾಪಸ್ ಬರ್ಕಲ್ಲ," ಎಂದೆ. ಮರಳಿ ಬರಬೇಕೆಂಬ ಮಾತನ್ನು ನಾನೇ ಎತ್ತಿದ್ದೆ.

ತವರಿನಲ್ಲಿ ಊಟಕ್ಕೆ ಕೂತಿದ್ದಾಗ ಗುಡುಗಿತು. ಎಂಜಲು ಕೈಯಲ್ಲೇ ಎದ್ದು ಅಂಗಳಕ್ಕೆ ಓಡಿದೆ.

"ಎಲ್ಲಿಗ್ ಓಡುದ್, ಹೆಣೆ?" ಅಮ್ಮ ಕೇಳಿದಳು. ಹಗ್ಗದ ಮೇಲಿನ ಬಟ್ಟೆಯನ್ನು ಅವಳು ಆಗಲೇ ಒಳಗೆ ತಂದಿದ್ದಳು. ಅಂಗಳ ಖಾಲಿಯಿತ್ತು. ಕೈ ತೊಳೆದು ಹಾಲಮ್ಮನವರಿಗೆ ಫೋನು ಮಾಡಿ, ತಾಡಪಾಲು ಹೊದಿಸಿದಿರಾ ಎಂದು ಕೇಳಿದೆ.

"ಇಲ್ಲಿ ಬಿಸ್ಲು ಐತೆ ಕಣವ್ವ," ಎಂದರು. "ಕುರ್ಚಿ ಹೊರಗೇ ಐತೆ. ಎಮ್ಮಿನೂ ದಿನಾ ಬಂದು ನೋಡ್ಕಂಡು ಹೋಗ್ತೈತೆ."