ಆಚೆ ದಂಡೆಯಿಲ್ಲದ ನೀರು

ಗೋಕರ್ಣದಲ್ಲಿ ಇವತ್ತು ಮೋಡವಂತೆ. ಮಧ್ಯಾಹ್ನದ ಮೇಲೆ ನಾಲ್ಕು ಹನಿ ಬೀಳಬಹುದಂತೆ. ಮಸ್ಕಿಯಲ್ಲಿ ಕೂತವಳು ಗೋಕರ್ಣದ ಮೋಡ ಕಟ್ಟಿಕೊಂಡು ಏನು ಮಾಡಬೇಕು? ಆದರೂ ದಿನಾ ಬೆಳಿಗ್ಗೆ ಒಲೆ ಹೊತ್ತಿಸುವ ಮೊದಲು ಫೋನು ತೆಗೆದು ಹವಾಮಾನದ ಆ್ಯಪ್ ನೋಡುತ್ತೇನೆ. ಅದರಲ್ಲಿ ಮೇಲೆ ಗೋಕರ್ಣ, ಕೆಳಗೆಲ್ಲೋ ನಮ್ಮೂರು. ‘ಇನ್ನಾದ್ರೂ ಅದನ್ನ ತೆಗಿ’ ಅಂತ ನಮ್ಮ ಮನೆಯವರು ಒಮ್ಮೆ ಹೇಳಿದರು. ‘ನಿಮ್ಮ ಫೋನೇನಲ್ಲ, ಸುಮ್ನ ಇರ್ರಿ’ ಅಂದೆ. ಮತ್ತೆ ಹೇಳಿಲ್ಲ.

ಆ ಊರನ್ನು ಮೇಲೆ ಇಡಿಸಿದವಳು ನನ್ನ ನೆಗೆಣ್ಣಿ, ಅಂದರೆ ಭಾವನ ಹೆಂಡತಿ. ಒಂದೇ ಮನೆಗೆ ಸೊಸೆಯಾಗಿ ಅವಳು ಮೊದಲು ಬಂದಳು, ನಾನು ಆಮೇಲೆ. ಅಕ್ಕಾ ಅನ್ನುತ್ತಿದ್ದೆ. ನೆಗೆಣ್ಣಿಯರೆಂದರೆ ಹಾವು ಮುಂಗುಸಿ ಅನ್ನುತ್ತಾರೆ ಜನ. ನಮ್ಮಲ್ಲೂ ಜಗಳ ಇತ್ತು, ಉಪ್ಪಿಗೊಂದು, ಖಾರಕ್ಕೊಂದು. ಜಗಳವಾಡಿ ಒಂದೇ ಗಂಗಾಳದಲ್ಲಿ ಉಣ್ಣುತ್ತಿದ್ದೆವು.

ಅವಳ ತವರು ಮುಕ್ಕುಂದ. ಹೊಳೆ, ಕಾಲುವೆ, ನೆಲ್ಲಿನ ಗದ್ದೆ ನೋಡುತ್ತಲೇ ಬೆಳೆದವಳು. ಸಿಂಧನೂರಿಗೆ ರೈಲು ಬಂದ ಹೊಸದರಲ್ಲಿ ನಾವಿಬ್ಬರೂ ಸೀರೆ ತರುವ ನೆವ ಹೇಳಿ ಅದನ್ನು ನೋಡಲು ಹೋದೆವು. ಸ್ಟೇಷನ್ನಿನ ಕಟ್ಟೆಯ ಮೇಲೆ ಕೂತು ಮಿರ್ಚಿ ತಿನ್ನುವಾಗ ಅವಳು ಕೇಳಿದಳು:

‘ಈ ಗಾಡಿ ಹುಬ್ಬಳ್ಳಿಗಿ ಹೋಗತೈತಂತ. ಅಲ್ಲಿಂದ ಸಮುದ್ರ ಭಾಳ ದೂರ ಏನು?’

‘ಸಮುದ್ರದಾಗ ನಿಂದೇನೈತಿ?’ ಅಂದೆ.

‘ನಮ್ಮ ತವರಮನಿ ಹೊಳಿಗಿ ಆಚಿ ದಂಡಿ ಐತಿ. ಅಲ್ಲಿ ಎಮ್ಮಿ ಮೈ ತೊಳಿಯೋರು ಕಾಣ್ತಾರ. ಆಚಿ ದಂಡಿ ಇಲ್ಲದ ನೀರು ಒಮ್ಮೆ ನೋಡಬೇಕು ನೋಡವ್ವ.’

ಇಷ್ಟು ವರ್ಷದಲ್ಲಿ ಅವಳು ತನಗಾಗಿ ಬೇಕು ಅಂದದ್ದು ಇದೊಂದೇ. ನನಗೆ ಹಟ ಹತ್ತಿತು.

ನಮ್ಮ ಮನೆಯಲ್ಲಿ ಚೀಲ ಕಟ್ಟುವುದು ದೇವರಿಗೆ ಹೋಗಲು, ಮದುವೆಗೆ ಹೋಗಲು, ಇಲ್ಲವೇ ಸತ್ತವರ ಮಣ್ಣಿಗೆ ಹೋಗಲು. ಸುಮ್ಮನೆ ತಿರುಗಾಡಲು ಚೀಲ ಕಟ್ಟಿದ ಸೊಸೆ ಯಾರೂ ಇಲ್ಲ. ಮಾತು ತೆಗೆದ ಕೂಡಲೇ ಅತ್ತೆ ಸಿಡಿದರು. ‘ತಿರಗಾಡಾಕ? ನೀವಿಬ್ರೂ ಹ್ವಾದ್ರ ಮನಿ ಮಂದಿಗಿ ರೊಟ್ಟಿ ಬಡಿಯಾಕ ಆ ಸಮುದ್ರ ಬರತೈತೇನು?’ ಅಕ್ಕ ಸೆರಗು ಸರಿಮಾಡಿಕೊಂಡು, ‘ಗೋಕರ್ಣಕ್ಕ ಹೋಗಿ ಆತ್ಮಲಿಂಗ ಮುಟ್ಟಿ ಬರ್ತೀವ್ರಿ ಅತ್ತಿ’ ಅಂದಳು. ಶಿವನ ಹೆಸರು ಬಂದ ಮೇಲೆ ಅತ್ತೆ ಏನು ಮಾತಾಡಿಯಾರು? ನಾನು ಒಲೆಯ ಕಡೆ ಮುಖ ತಿರುಗಿಸಿ ನಕ್ಕೆ.

ಆಮೇಲೆ ನನ್ನ ಫೋನಿನ ತುಂಬಾ ಆ್ಯಪ್. ಬಸ್ಸಿಗೊಂದು, ರೂಮಿಗೊಂದು, ದಾರಿಗೊಂದು, ಹವೆಗೊಂದು. ಹಿಟ್ಟಿನ ಡಬ್ಬಿಗೆ ಫೋನು ಆನಿಸಿಟ್ಟು, ಅವಳು ರೊಟ್ಟಿ ಬಡಿಯುತ್ತಾ ನಾನು ಬೇಯಿಸುತ್ತಾ ನೋಡುತ್ತಿದ್ದೆವು. ಹಿಟ್ಟಿನ ಬೆರಳು ತಾಗಿ ಯಾವುದೋ ಐದು ನಕ್ಷತ್ರದ ಹೋಟೆಲು ತೆರೆದುಕೊಂಡಿತು. ‘ಅಯ್ಯ ಶಿವನ, ಈ ಹಾಸಗಿ ಮ್ಯಾಲ ಮಲಗೂದಲ್ಲ, ಪೂಜಿ ಮಾಡೂದು’ ಅಂದಳು. ಒಂದು ಸಣ್ಣ ರೂಮಿನ ಕೆಳಗೆ ಯಾರೋ ಊಟ ಚೆನ್ನಾಗಿಲ್ಲ ಅಂತ ಬರೆದಿದ್ದರು. ‘ನಾವು ಬುತ್ತಿ ಒಯ್ತೀವಿ, ಅದನ್ನ ಹಿಡಿ’ ಅಂದಳು. ಅದನ್ನೇ ಹಿಡಿದೆವು. ದಾರಿ ತೋರಿಸುವ ಆ್ಯಪಿನಲ್ಲಿ ಘಟ್ಟದ ಹತ್ತಿರ ನೀಲಿ ಗೆರೆ ಸುರುಳಿ ಸುತ್ತಿಕೊಂಡಿತ್ತು. ನನಗೆ ಲಿಂಗಸುಗೂರಿಗೆ ಹೋಗಿ ಬರುವುದರೊಳಗೇ ಬಸ್ಸಿನಲ್ಲಿ ವಾಂತಿ. ಅವಳು ಆ ಗೆರೆ ನೋಡಿ, ‘ಎಲ್ಲಾಕ್ಕೂ ಆ್ಯಪ್ ಐತಿ. ನಿನ್ನ ಹೊಟ್ಟಿಗಿ ಯಾವ ಆ್ಯಪ್ ಹಾಕ್ತಿ?’ ಅಂತ ಅಣಕಿಸಿದಳು.

ಹುಬ್ಬಳ್ಳಿಯಿಂದ ಮುಂದಿನ ಬಸ್ಸಿಗೆ ಶುಕ್ರವಾರ ಮಾತ್ರ ಜೋಡಿ ಸೀಟು ಉಳಿದಿತ್ತು. ಒತ್ತಿಬಿಟ್ಟೆ. ಅತ್ತೆ ಹಣೆ ಬಡಿದುಕೊಂಡರು. ಶುಕ್ರವಾರ ಮನೆಯ ಸೊಸೆ ಹೊಸ್ತಿಲು ದಾಟಬಾರದು, ಅದರಲ್ಲೂ ಪಡುವಲ ದಿಕ್ಕಿಗೆ ಶೂಲೆ, ಹೋದರೆ ಕೇಡು. ಪಂಚಾಂಗದ ಆ್ಯಪೂ ಅದನ್ನೇ ಹೇಳಿತು. ಒಂದೇ ಫೋನಿನೊಳಗೆ ಒಂದು ಬಾ ಅನ್ನುತ್ತದೆ, ಇನ್ನೊಂದು ಬೇಡ ಅನ್ನುತ್ತದೆ, ಥೇಟ್ ಅತ್ತೆ ಸೊಸೆ ಇದ್ದಹಾಗೆ.

ದಾರಿ ತೆಗೆದವರೂ ಅತ್ತೆಯೇ. ಪ್ರಸ್ಥಾನ ಇಡ್ರಿ ಅಂದರು. ಹೊರಡುವ ದಿನ ಕೆಟ್ಟದಿದ್ದರೆ, ಅದಕ್ಕೂ ಮುಂಚಿನ ಒಳ್ಳೆಯ ದಿನ ಚೀಲ ಕಟ್ಟಿ, ಹೋಗುವ ದಿಕ್ಕಿನ ಮನೆಯೊಂದರಲ್ಲಿ ಇಟ್ಟು ಬರುವುದು. ಚೀಲ ಹೊರಬಿತ್ತೆಂದರೆ ಮನುಷ್ಯ ಹೊರಟಂತೆಯೇ ಲೆಕ್ಕ. ಆಮೇಲೆ ಅದನ್ನು ಮನೆಗೆ ವಾಪಸ್ ತರಬಾರದು, ಊರು ಮುಟ್ಟುವ ತನಕ ಬಿಚ್ಚಲೂಬಾರದು. ಸೋಮವಾರ ಒಳ್ಳೆಯದಿತ್ತು. ಇಬ್ಬರ ಪರವಾಗಿ ಹಿರಿಸೊಸೆಯ ಚೀಲ ಒಂದೇ ಸಾಕಂತೆ.

ಚೀಲ ಕಟ್ಟಲಿಕ್ಕೂ ಒಂದು ಆ್ಯಪ್ ಇತ್ತು. ಏನೇನು ಇಟ್ಟುಕೊಳ್ಳಬೇಕು ಅಂತ ಅದು ಕೇಳುವುದು, ನಾನು ಓದುವುದು, ಅವಳು ಇಡುವುದು. ಎಲ್ಲಕ್ಕಿಂತ ಮೊದಲು ಅದು ಕೇಳಿದ್ದು ದಿನನಿತ್ಯದ ಔಷಧಿ. ‘ಎಷ್ಟ ಶಾಣ್ಯಾ ಐತಿ ನೋಡು ಇದು’ ಅಂತ ಅವಳು ಮೆಚ್ಚಿಕೊಂಡು, ಗೂಡಿನಲ್ಲಿದ್ದ ತನ್ನ ಬಿಪಿ ಗುಳಿಗೆಯ ಪೊಟ್ಟಣ ತೆಗೆದು ಚೀಲದ ತಳಕ್ಕೆ ಇಟ್ಟಳು. ಸಂಜೆಗೆ ಇಬ್ಬರೂ ಹೋಗಿ ಪಡುವಲ ಮನೆಯ ದೊಡ್ಡವ್ವನ ಜಗುಲಿಯ ಹತ್ತಿರ ಅದನ್ನು ಇಟ್ಟು ಬಂದೆವು. ವಾಪಸ್ ಬರುವಾಗ ಅವಳ ಮುಖ ನೋಡಬೇಕಿತ್ತು! ಹೋಗುತ್ತೇನೆ ಅನ್ನಲಿಲ್ಲ, ‘ಹೊಂಟೀನಿ ನೋಡವ್ವ’ ಅಂದಳು.

ಆ ಆ್ಯಪ್ ಮಾಡಿದ ಜಾಣನಿಗೆ ಏನು ಗೊತ್ತು, ನಮ್ಮೂರಲ್ಲಿ ಮನುಷ್ಯರಿಗಿಂತ ಮೊದಲು ಚೀಲ ಹೋಗುತ್ತದೆ ಅಂತ?

ಗುರುವಾರ ಬೆಳಿಗ್ಗೆ ಬುತ್ತಿಗೆ ಸಜ್ಜೆರೊಟ್ಟಿ ಬಡಿಯುತ್ತಿದ್ದಳು. ನಾನು ಹಿತ್ತಲಲ್ಲಿದ್ದೆ. ಬಡಿಯುವ ಸಪ್ಪಳ ನಿಂತಿತು. ಬಂದು ನೋಡಿದರೆ ಗೋಡೆಗೆ ಒರಗಿ ಕೂತಿದ್ದಾಳೆ, ಬಾಯಿ ಒಂದು ಕಡೆ ಸೊಟ್ಟಗಾಗಿದೆ, ಎಡಗೈ ಹಿಟ್ಟಿನಲ್ಲಿ ಬಿದ್ದಿದೆ. ಲಿಂಗಸುಗೂರಿನ ಆಸ್ಪತ್ರೆಗೆ ಹಾಕಿಕೊಂಡು ಓಡಿದೆವು. ಬಿಪಿಗೆ ಗುಳಿಗೆ ತೆಗೆದುಕೊಳ್ಳುತ್ತಿದ್ದರಾ ಅಂತ ಡಾಕ್ಟರು ಕೇಳಿದರು. ಹೌದ್ರಿ, ದಿನಾ, ಅಂದೆ. ಮಂಚದ ಮೇಲಿಂದ ತೊದಲುವ ದನಿ ಬಂತು:

‘ಚೀಲದಾಗ ಅದಾವ.’

ಸೋಮವಾರದಿಂದ ತೆಗೆದುಕೊಂಡಿರಲಿಲ್ಲ. ಹೊರಟ ಚೀಲ ಬಿಚ್ಚಬಾರದಲ್ಲ! ನಾನು ಆಸ್ಪತ್ರೆ ಅಂತಲೂ ನೋಡದೆ ಒದರಿದೆ. ‘ನಿನ್ನ ಬುದ್ಧಿಗಿಷ್ಟು ಬೆಂಕಿ ಹಾಕಲಿ! ಊರಾಗ ಮೆಡಿಕಲ್ ಅಂಗಡಿ ಬಾಗಿಲ ಹಾಕಿದ್ದವೇನು? ಬಾಯಿ ಬಿಟ್ಟು ಹೇಳಾಕ ಏನಾಗಿತ್ತು?’ ಅವಳು ನೆಟ್ಟಗಿದ್ದ ಅರ್ಧ ಬಾಯಲ್ಲಿ ನಗಲು ನೋಡಿದಳು. ‘ನಾಕ ದಿನಕ್ಕ... ಹೊಸಾವು ಯಾಕಂತ...’ ಅಂದಳು. ಅದರಿಂದಲೇ ಹೀಗಾಯಿತು ಅಂತ ಡಾಕ್ಟರು ಹೇಳಲಿಲ್ಲ, ಅಲ್ಲ ಅಂತಲೂ ಹೇಳಲಿಲ್ಲ. ಯಾರನ್ನು ಬೈಯಲಿ? ಔಷಧಿ ಇಟ್ಟುಕೋ ಅಂದ ಆ್ಯಪನ್ನೇ, ಬಿಚ್ಚಬೇಡ ಅಂದ ಹಿರಿಯರನ್ನೇ? ಎರಡೂ ಅವಳ ಒಳ್ಳೆಯದಕ್ಕೇ ಹೇಳಿದವು.

ಸಂಜೆ ಮುಂದೆ ನನ್ನ ಕೈ ಹಿಡಿದು ಕೇಳಿದಳು, ‘ಅಲ್ಲಿ ಮಳಿ ಐತೇನು, ನೋಡು.’ ನೋಡಿದೆ. ‘ಇಲ್ಲಕ್ಕ, ಬಿಸಲೈತಿ’ ಅಂದೆ. ‘ಚೀಲ ವಾಪಸ್ ತರಸಬ್ಯಾಡ’ ಅಂದಳು. ಅದೇ ಕೊನೆಯ ಮಾತು.

ಶುಕ್ರವಾರ ಅವಳನ್ನು ಗಾಡಿಯಲ್ಲಿ ಮಲಗಿಸಿಕೊಂಡು ಮಸ್ಕಿಗೆ ತರುತ್ತಿದ್ದೆವು. ಸೆರಗಿನೊಳಗೆ ಫೋನು ಗುಂಯ್ ಅಂತು. ನಿಮ್ಮ ಪ್ರಯಾಣ ಇಂದು, ಶುಭ ಪ್ರಯಾಣ ಅಂತ ಬಸ್ಸಿನ ಆ್ಯಪು. ಅದರ ಬಾಯಿಗೆ ಮಣ್ಣು ಹಾಕ. ರದ್ದು ಮಾಡೋಣ ಅಂತ ಒತ್ತಿದರೆ ಇಬ್ಬರ ಹೆಸರನ್ನೂ ತೋರಿಸಿ, ಯಾರು ಪ್ರಯಾಣಿಸುತ್ತಿಲ್ಲವೋ ಅವರ ಮುಂದೆ ಗುರುತು ಹಾಕಿ ಅಂತು. ಅವಳ ಹೆಸರಿನ ತನಕ ಬೆರಳು ಹೋಯಿತು, ಒತ್ತಲಾಗಲಿಲ್ಲ. ಫೋನು ಮುಚ್ಚಿಟ್ಟು ಅವಳ ಕಾಲು ಹಿಡಿದುಕೊಂಡು ಕೂತೆ. ಬಸ್ಸು ನಮ್ಮಿಬ್ಬರ ಸೀಟು ಖಾಲಿ ಇಟ್ಟುಕೊಂಡೇ ಹೋಗಿರಬೇಕು.

ದಿನಕರ್ಮ ಎಲ್ಲ ಮುಗಿದ ಮೇಲೆ ದೊಡ್ಡವ್ವ ಬಂದು ಬಾಗಿಲಲ್ಲಿ ನಿಂತಳು. ‘ಆಕಿ ಚೀಲ ನೋಡಿದ್ರ ತುತ್ತು ಇಳಿಯವಲ್ದು. ಏನ್ ಮಾಡ್ಲಿ, ಹೇಳ್ರವ್ವ’ ಅಂದಳು. ಭಾವನವರು ತರಲು ಎದ್ದರು. ಮೂಲೆಯಲ್ಲಿ ಕೂತಿದ್ದ ಅತ್ತೆ ತಡೆದರು. ‘ಹೊಂಟ ಚೀಲ ಮನಿಗಿ ತರಬಾರದು’ ಅಂದರು. ನನಗೆ ಮೈಯೆಲ್ಲ ಉರಿಯಿತು, ಇನ್ನೂ ಶಾಸ್ತ್ರ ಬಿಡಲಿಲ್ಲವಲ್ಲ ಈ ಮುದುಕಿ ಅಂತ. ಬಾಯಿ ತೆಗೆಯುವುದರೊಳಗೆ ಅವರೇ ನನ್ನ ಕಡೆ ತಿರುಗಿದರು. ‘ನೀನ ಒಯ್ದು ಬಾ. ದೇವ್ರನ್ನ ನೋಡದಿದ್ರೂ ನಡೀತೈತಿ. ಆಕಿ ನೀರು ನೋಡಬೇಕಂದಿದ್ಲು, ನೀರು ತೋರಿಸಿ ಬಾ’ ಅಂತ ಸೆರಗು ಬಾಯಿಗೆ ಒತ್ತಿಕೊಂಡರು. ನೀರಿನ ವಿಷಯ ಅವರಿಗೆ ಮೊದಲೇ ಗೊತ್ತಿತ್ತು.

ನಮ್ಮ ಮನೆಯವರೂ ನಾನೂ ಹೊರಟೆವು. ಚೀಲ ನನ್ನ ತೊಡೆಯ ಮೇಲಿತ್ತು. ಘಟ್ಟ ಇಳಿಯುವಾಗ ಹೊಟ್ಟೆ ಕಿತ್ತುಬರುವ ಹಾಗೆ ವಾಂತಿ ಮಾಡಿದೆ. ಅವರು ಕುಡಿಸಿದ ನೀರೂ ನಿಲ್ಲಲಿಲ್ಲ. ಪಕ್ಕದ ಹೆಂಗಸು, ‘ನಿಂಬೆ ಇಲ್ವೇನ್ರೀ ನಿಮ್ಮ ಚೀಲದಲ್ಲಿ?’ ಅಂದಳು. ಇಲ್ಲ ಅಂದೆ.

ಸಮುದ್ರದ ಎದುರು ಮರಳಲ್ಲಿ ಕೂತು ಗಂಟು ಬಿಚ್ಚಿದೆ. ಮೇಲೆ ಅವಳ ಸೀರೆ. ಸೀರೆಯ ಕೆಳಗೆ ಒಂದು ಸಣ್ಣ ಸ್ಟೀಲಿನ ಡಬ್ಬಿ, ನಾನು ಓದಿ ಹೇಳದೇ ಇದ್ದದ್ದು. ತಳದಲ್ಲಿ ಗುಳಿಗೆಯ ಪೊಟ್ಟಣ. ಡಬ್ಬಿಯ ಮುಚ್ಚಳ ತೆಗೆದೆ. ಉಪ್ಪು ಹಚ್ಚಿ ಬಿಸಿಲಲ್ಲಿ ಒಣಗಿಸಿದ ನಿಂಬೆಹಣ್ಣಿನ ಹೋಳು. ಅವಳಿಗೆ ಬಸ್ಸಿನಲ್ಲಿ ಎಂದೂ ವಾಂತಿ ಬಂದದ್ದಿಲ್ಲ.

ಘಟ್ಟದುದ್ದಕ್ಕೂ ಅದು ನನ್ನ ತೊಡೆಯ ಮೇಲೇ ಇತ್ತು. ಒಂದು ಹೋಳು ಬಾಯಿಗೆ ಹಾಕಿಕೊಂಡೆ. ಸೀರೆ ಎದೆಗೆ ಅವಚಿಕೊಂಡು, ‘ಅಕ್ಕಾ, ಖರೇನ ಆಚಿ ದಂಡಿ ಇಲ್ಲ ನೋಡು’ ಅಂತ ಜನ ತಿರುಗಿ ನೋಡುವ ಹಾಗೆ ಅತ್ತುಬಿಟ್ಟೆ.