ಚರಿತ್ರೆ ಕಾಯುವ ಕುಮುದಿನಿಯಕ್ಕ
ಎಂಬತ್ತರ ದಶಕದ ಕೊನೆಗೆ ಕಂಕನಾಡಿಯ ಒಂದು ಮಹಡಿಯ ಮೇಲೆ ನಾಲ್ಕೈದು ಮಂದಿ ಸೇರಿ ಒಂದೇ ಪ್ರೋಗ್ರಾಮು ಬರೆಯುತ್ತಿದ್ದರು; ಯಾರು ಏನು ಬದಲಾಯಿಸಿದರು, ಯಾಕೆ ಬದಲಾಯಿಸಿದರು ಎಂಬ ಚರಿತ್ರೆಯೂ ಕಂಪ್ಯೂಟರಿನಲ್ಲೇ ಉಳಿಯುತ್ತಿತ್ತು, ಅದರ ಕಾವಲಿಗೆ ಕುಮುದಿನಿಯಕ್ಕ. ಕಿವಿರು ಎತ್ತಿ ಮೀನು ಕೊಳ್ಳುವವಳ ಹಾಗೆ ಅವಳು ಒಂದೊಂದು ಬದಲಾವಣೆಯನ್ನೂ ಎತ್ತಿ ನೋಡುತ್ತಿದ್ದಳು. ‘ಸಣ್ಣ ತಿದ್ದುಪಡಿ’ ಎಂದು ಬರೆದರೆ ವಾಪಸು: “ಸಣ್ಣದು ಅಂತ ಕಾಣ್ತದೆ, ಎಂತಕ್ಕೆ ಅಂತ ಬರಿ ಮಾರಾಯ.” ಎರಡು ಕೆಲಸ ಒಟ್ಟಿಗೆ ತಂದರೆ, “ಬಂಗುಡೆ, ಬೂತಾಯಿ ಒಂದೇ ಬುಟ್ಟಿಗಾ?” ಎಂದು ಮೀನಿನ ಲೆಕ್ಕದಲ್ಲೇ ಕೇಳಿ, ಬೇರೆ ಮಾಡಿ ತರಲು ಕಳಿಸುತ್ತಿದ್ದಳು. ಅರ್ಧಂಬರ್ಧ ಮಾಡಿ ಒಳಗೆ ತೂರಿಸಿದವರು ಮಧ್ಯಾಹ್ನದ ಗಂಜಿ ಬಿಟ್ಟು ಕೂತು ಅದನ್ನು ಪೂರ್ತಿ ಮಾಡಬೇಕಿತ್ತು. ಬರೆಯುವವರಲ್ಲೊಬ್ಬ ಮೋಹನದಾಸ ತಿಂಗಳಿಡೀ ಗುದ್ದಾಡಿ ಒಂದು ಕೆಲಸವನ್ನು ಕೈಬಿಟ್ಟಿದ್ದ; ಇಂಥವಳು ಅದನ್ನು ಚರಿತ್ರೆಯಿಂದ ಖಂಡಿತ ಅಳಿಸುತ್ತಾಳೆಂದು, ತಲೆ ತಗ್ಗಿಸಿ ತಾನೇ ಹೋಗಿ ‘ಅಳಿಸಿಬಿಡಲಾ?’ ಎಂದು ಕೇಳಿದ. “ಅದು ಇರಲಿ,” ಎಂದಳು ಕುಮುದಿನಿಯಕ್ಕ. “ಯಾಕೆ ಆಗಲಿಲ್ಲ ಅಂತ ಒಂದು ಸಾಲು ಸೇರಿಸು. ಕಡಲಡಿಯ ಕಲ್ಲಿಗೆ ಸಿಕ್ಕಿ ಬಲೆ ಹರಿದ ದಿನ ನಮ್ಮಪ್ಪ ದಡಕ್ಕೆ ಬಂದು ಮೊದಲು ಆ ಜಾಗ ಹೇಳ್ತಿದ್ದರು. ನಾಳೆ ಹೋಗುವ ದೋಣಿಗೆ ಬೇಕಲ್ಲ.” ಮೋಹನದಾಸ ಕೂತು ಬರೆದ. ಅವನು ಬರೆದದ್ದರಲ್ಲಿ ವಾಪಸು ಬಾರದ ಮೊದಲ ಸಾಲು ಅದು.