ದಿಣ್ಣೆ ಮೇಲಿನ ಹಿಪ್ಪೆ ಸೊಪ್ಪು

ದೆವ್ವದ ಕಥೆ ಹೇಳುವ ಡ್ರೈವರುಗಳನ್ನು ಕಂಡರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತದೆ. ಕಡೂರಿನ ಯಾವ ಟೀ ಅಂಗಡಿಯಲ್ಲಿ ಕೂತರೂ ಅಂಥವನೊಬ್ಬ ಇರುತ್ತಾನೆ. ಬಿಳಿ ಸೀರೆಯವಳು ಕೈ ಅಡ್ಡ ಹಿಡಿದಳಂತೆ, ಹತ್ತಿಸಿಕೊಂಡನಂತೆ, ತಿರುಗಿ ನೋಡಿದರೆ ಸೀಟು ಖಾಲಿಯಂತೆ. ಯಾವಾಗಲೂ ನಡುರಾತ್ರಿ, ಯಾವಾಗಲೂ ಒಬ್ಬನೇ, ಯಾವಾಗಲೂ ಹೊಟ್ಟೆಯೊಳಗೆ ಒಂದು ಕ್ವಾರ್ಟರ್. "ಅವ್ಳಿಗೇನು ಬೇರೆ ಕೆಲ್ಸ ಇಲ್ವೇನಯ್ಯ, ನಿನ್ ಮುಸುಡಿ ನೋಡೋಕೆ ಬತ್ತಾಳಾ" ಎಂದು ಎಷ್ಟು ಜನರ ಬಾಯಿ ಮುಚ್ಚಿಸಿದ್ದೇನೋ ಲೆಕ್ಕವಿಲ್ಲ. ನಮ್ಮ ಮನೆಮಾತು ದಖನಿ ಉರ್ದು. ಆದರೆ ಬೈಯುವುದಕ್ಕೆ ನನಗೆ ಕನ್ನಡವೇ ಬೇಕು, ಆದ್ದರಿಂದ ಇದನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ನನಗೆ ಆದದ್ದು ರಾತ್ರಿಯಲ್ಲ. ಹಾಡಹಗಲು, ಊಟವಾದ ಹೊತ್ತು, ನೆತ್ತಿ ಸುಡುವ ಬಿಸಿಲು. ನಾನು ಟೀ ಬಿಟ್ಟು ಬೇರೇನೂ ಕುಡಿದವನಲ್ಲ. ಆಗಿ ಕೆಲವು ವರ್ಷಗಳಾದವು. ನೀವು ನಂಬಬೇಕೆಂದು ನಾನೇನೂ ಕೇಳುತ್ತಿಲ್ಲ. ನೀವು ಹೇಳಿ ನಾನು ಕೇಳುವಂತಿದ್ದರೆ ಎದ್ದು ಲುಂಗಿ ಕೊಡವಿಕೊಂಡು ಹೋಗಿಬಿಡುತ್ತಿದ್ದೆ.

ಮೊದಲು ಸೊಪ್ಪಿನ ವಿಷಯ ಹೇಳಬೇಕು. ನಮ್ಮ ಕಡೆ ಲಾರಿ ಕೆಟ್ಟು ನಿಂತರೆ ಡ್ರೈವರು ಪಕ್ಕದ ಮರದಿಂದ ನಾಲ್ಕು ಹಸಿ ಕೊಂಬೆ ಮುರಿದು ಲಾರಿಯ ಹಿಂದೆ ರಸ್ತೆ ಮೇಲೆ ಹಾಕುತ್ತಾನೆ. ಮುಂದೆ ಅಪಾಯ ಇದೆ, ನಿಲ್ಲು ಅಂತ ಅರ್ಥ. ಸೊಪ್ಪು ಹಾಕದೆ ಲಾರಿ ನಿಂತಿದ್ದರೆ ಡ್ರೈವರು ಒಂದಕ್ಕೆ ಇಳಿದಿದ್ದಾನೆ ಅಂತ ಅರ್ಥ. ಆಗ ಹಿಂದಿನವನು ಒಂದು ಹಾರ್ನ್ ಹೊಡೆದು ಬಲಕ್ಕೆ ಎಳೆದುಕೊಂಡು ಮುಂದೆ ಹೋಗುತ್ತಾನೆ. ಇದನ್ನು ಯಾರೂ ಯಾರಿಗೂ ಕಲಿಸಿದ್ದಲ್ಲ, ಆದರೆ ಎಲ್ಲರಿಗೂ ಗೊತ್ತು. ಪದ್ಧತಿಯ ಮೇಲೆ ನನ್ನ ತಕರಾರಿಲ್ಲ. ತಕರಾರು ಇರುವುದು ರಿಪೇರಿಯಾದ ಮೇಲೆ ಸೊಪ್ಪನ್ನೂ ಚಕ್ರಕ್ಕೆ ಕೊಟ್ಟ ಕಲ್ಲನ್ನೂ ನಡುರಸ್ತೆಯಲ್ಲೇ ಬಿಟ್ಟು, ಬೀಡಿ ಹಚ್ಚಿಕೊಂಡು ಹೊರಟುಹೋಗುವ ಬೇವಾರ್ಸಿಗಳ ಮೇಲೆ. ಆಮೇಲೆ ಬೈಕಿನವನು ಬಂದು ಜಾರಿ ಬೀಳುತ್ತಾನೆ. ಅಂಥ ಸೊಪ್ಪು ಕಂಡಲ್ಲೆಲ್ಲ ಲಾರಿ ನಿಲ್ಲಿಸಿ, ಇಳಿದು, ಅದನ್ನು ಹಾಕಿದವನ ವಂಶವನ್ನೆಲ್ಲ ಬೈದು ಪಕ್ಕಕ್ಕೆ ಎಸೆಯುವುದು ನನ್ನ ಅಭ್ಯಾಸ.

ಆಗ ಕಡೂರಿನಿಂದ ತರೀಕೆರೆ ಕಡೆಯ ಹೆದ್ದಾರಿಯನ್ನು ಅಗಲ ಮಾಡುತ್ತಿದ್ದರು. ಸರಕು ಸಾಗಣೆ ಸಲೀಸಾಗುತ್ತದೆ, ಅಪಘಾತ ಇಳಿಯುತ್ತದೆ ಎಂದು ದೊಡ್ಡ ದೊಡ್ಡ ಬೋರ್ಡು. ಬೋರ್ಡು ಮಾತ್ರ ಒಂದು ದಿನವೂ ತಡವಾಗಿ ಬಂದದ್ದಿಲ್ಲ. ಅದರ ಕೆಳಗೆ ಕೆಲಸ ನಡೆಯುತ್ತಿದೆ ಎಂದು ಇನ್ನೊಂದು ಬೋರ್ಡು, ಅದರ ನೆರಳಲ್ಲಿ ಮಲಗಿದ ನಾಲ್ಕು ಜನ. ನಿನ್ನೆ ಎಡಕ್ಕೆ ತಿರುಗು ಎಂದ ಬಾಣದ ಗುರುತು ಇವತ್ತು ಬಲಕ್ಕೆ ತಿರುಗಿರುತ್ತಿತ್ತು. ಮೊದಲು ಕಡಿದದ್ದು ಸಾಲುಮರಗಳನ್ನು. ಅದೊಂದು ಕೆಲಸ ಮಾತ್ರ ಎಷ್ಟು ಚುರುಕಾಗಿ ನಡೆಯಿತೆಂದರೆ ಹದಿನೈದು ದಿನದಲ್ಲಿ ಆ ದಾರಿ ಬೋಳುತಲೆಯ ಹಾಗೆ ಕಾಣುತ್ತಿತ್ತು.

ತರೀಕೆರೆಗೆ ಇನ್ನೇನು ಸ್ವಲ್ಪ ದೂರ ಅನ್ನುವಲ್ಲಿ ಒಂದು ದಿಣ್ಣೆ ಬರುತ್ತದೆ. ಅದರ ನೆತ್ತಿಯ ಮೇಲೆ ಒಂದು ಹಿಪ್ಪೆ ಮರ ಇತ್ತು. ಲೋಡು ಲಾರಿಗಳು ಆ ಏರಿನಲ್ಲೇ ಕೈ ಕೊಡುತ್ತಿದ್ದವು, ಡ್ರೈವರುಗಳು ಆ ಮರದಿಂದಲೇ ಸೊಪ್ಪು ಮುರಿಯುತ್ತಿದ್ದರು. ಕೈಗೆ ಎಟುಕುವಷ್ಟು ಎತ್ತರದಲ್ಲಿ ಅದಕ್ಕೆ ಒಂದು ಕೊಂಬೆಯೂ ಉಳಿದಿರಲಿಲ್ಲ. ಆ ದಾರಿಯಲ್ಲಿ ಹಿಪ್ಪೆ ಅಂತ ಇದ್ದದ್ದು ಅದೊಂದೇ. ಅದನ್ನೂ ಕಡಿದು, ಬೇರು ಕಿತ್ತು, ದಿಣ್ಣೆಯನ್ನು ಒಂದಷ್ಟು ತಗ್ಗಿಸಿ, ಮೇಲೆ ಡಾಂಬರು ಹಾಕಿದರು.

ಆ ದಿನ ಪಂಚನಹಳ್ಳಿಯಲ್ಲಿ ತೆಂಗಿನಕಾಯಿ ತುಂಬಿಕೊಂಡು ಎರಡು ಲಾರಿ ಹೊರಟಿದ್ದೆವು. ಮುಂದೆ ನಾನು, ಹಿಂದೆ ಹಿರೇನಲ್ಲೂರಿನ ರಂಗಪ್ಪ. ನಾವಿಬ್ಬರೂ ಒಬ್ಬನೇ ಉಸ್ತಾದನ ಕೈಕೆಳಗೆ ಕ್ಲೀನರುಗಳಾಗಿ ಬೈಸಿಕೊಂಡು ಬೆಳೆದವರು. ನನಗೆ ಅಣ್ಣತಮ್ಮಂದಿರಿಲ್ಲ, ಇರುವವನು ಅವನೊಬ್ಬನೇ. ರಂಗಪ್ಪ ಕಂಡಕಂಡ ಕಲ್ಲಿಗೆಲ್ಲ ಕೈ ಮುಗಿಯುವವನು, ಲಾರಿಗೆ ನಿಂಬೆಹಣ್ಣು ಕಟ್ಟದೆ ಸೆಲ್ಫ್ ಹೊಡೆಯುವವನಲ್ಲ. ನಾನು ಅವನನ್ನು ಆಡಿಕೊಳ್ಳದ ದಿನವಿಲ್ಲ. ಅವತ್ತು ಅವನ ಕ್ಯಾಬಿನ್ನಿನಲ್ಲಿ ಹೆಂಡತಿ ಸಾವಿತ್ರಮ್ಮನೂ ಇದ್ದರು. ತರೀಕೆರೆಯಲ್ಲಿ ಅವರ ಮಗಳಿಗೆ ಹಿಂದಿನ ರಾತ್ರಿ ಹೆಣ್ಣುಮಗು ಹುಟ್ಟಿತ್ತು, ಮೊದಲ ಮೊಮ್ಮಗು. ಬಸ್ಸಿಗೆ ಕಾಯುವಷ್ಟು ತಾಳ್ಮೆ ಇಲ್ಲದೆ, ಬಾಣಂತಿಗೆ ಬೇಕಾದ ಶುಂಠಿ, ಬೆಲ್ಲ, ಹಳೆ ಸೀರೆ ಎಲ್ಲ ಗಂಟು ಕಟ್ಟಿಕೊಂಡು ಲಾರಿ ಹತ್ತಿದ್ದರು. "ನಿಮ್ ದೋಸ್ತನ್ಗೆ ಸ್ವಲ್ಪ ಜೋರಾಗಿ ಓಡ್ಸೋಕೆ ಹೇಳಿ ಭಾಯ್, ಎತ್ತಿನ ಗಾಡಿ ಥರ ಬತ್ತಾರೆ" ಎಂದು ನನಗೇ ದೂರು ಹೇಳಿದ್ದರು.

ದಿಣ್ಣೆಗೆ ಮುಂಚೆ ರಸ್ತೆ ಎರಡಾಗುತ್ತಿತ್ತು. ಕಾರು ಬೈಕು ಹಳೆ ರಸ್ತೆಗೆ, ಲಾರಿಗಳು ಹೊಸ ರಸ್ತೆಗೆ ಎಂದು ಅವತ್ತೇ ಬಿಟ್ಟಿದ್ದರು. ಕೆಂಪು ಬಾವುಟ ಹಿಡಿದ ಒಬ್ಬ ಆಸಾಮಿ ಕುರ್ಚಿ ಮೇಲೆ ಕೂತೇ ನನಗೆ ಕೈ ತೋರಿಸಿದ.

"ಈಗ್ತಾನೆ ಓಪನ್ ಮಾಡಿರೋದು ಕಣ್ರೀ. ನೀವೇ ಫಸ್ಟು, ಹೋಗಿ ಹೋಗಿ" ಎಂದ.

"ಹಾರ ತಂದಿಲ್ವೇನಪ್ಪಾ" ಎಂದು ಕೇಳಿ ಗಾಡಿ ಬಿಟ್ಟೆ. ರಂಗಪ್ಪ ರೇಡಿಯೇಟರಿಗೆ ನೀರು ಹಾಕಲು ಅಲ್ಲೇ ನಿಂತ.

ಹೊಸ ಡಾಂಬರು ಕರ್ರಗೆ ಹೊಳೆಯುತ್ತಿತ್ತು. ಹೇಳಬೇಕೆಂದರೆ ಓಡಿಸಲು ಸುಖವಾಗಿಯೇ ಇತ್ತು. ಏರು ಶುರುವಾಗುವ ಮೊದಲು ರಸ್ತೆಯ ಮಧ್ಯೆ ಹಸಿರು ಕಂಡಿತು. ನಾಲ್ಕೈದು ಕೊಂಬೆ, ಹಸಿ ಸೊಪ್ಪು. ಮುಂದೆ ದಿಣ್ಣೆಯವರೆಗೂ ರಸ್ತೆ ಖಾಲಿ. ಕೆಟ್ಟು ನಿಂತ ಲಾರಿಯಿಲ್ಲ, ನರಪಿಳ್ಳೆಯೂ ಇಲ್ಲ. ನಾನೇ ಮೊದಲು ಎಂದಿದ್ದನಲ್ಲ ಅವನು, ಹಾಗಾದರೆ ಇದು ಕಾಂಟ್ರಾಕ್ಟರನ ಟಿಪ್ಪರಿನವನ ಕೆಲಸ ಎಂದುಕೊಂಡೆ. ರಸ್ತೆಗೆ ಸುಣ್ಣದ ಗೆರೆ ಒಣಗುವ ಮುಂಚೆಯೇ ಕಸ. ಸಿಟ್ಟಿನಲ್ಲಿ ಬ್ರೇಕು ಒತ್ತುವುದು ತಡವಾಗಿ ಎಡಗಡೆ ಮುಂದಿನ ಚಕ್ರ ಒಂದು ಕೊಂಬೆಯ ತುದಿಯ ಮೇಲೆ ಹತ್ತಿತು. ಹಿಂದಕ್ಕೆ ತೆಗೆದು, ಇಳಿದು, ಎಲ್ಲವನ್ನೂ ಎಡಗಡೆಯ ಇಳಿಜಾರಿಗೆ ಎಸೆದೆ. ಕೈಗೆ ಬಿಳಿ ಹಾಲು ಅಂಟಿತು. ಲುಂಗಿಗೆ ಒರೆಸಿಕೊಂಡೆ. ಯಾವ ಮರದ್ದು ಎಂದು ಆಗ ನೋಡಲಿಲ್ಲ, ಬೈಯುವುದರಲ್ಲಿ ಪುರಸೊತ್ತಿರಲಿಲ್ಲ.

ಎರಡನೇ ಗೇರಿನಲ್ಲಿ ಏರು ಹತ್ತಿದೆ. ನನ್ನನ್ನು ಯಾವ ಗಾಡಿಯೂ ಹಿಂದೆ ಹಾಕಲಿಲ್ಲ, ಎದುರಿನಿಂದ ಯಾವುದೂ ಬರಲಿಲ್ಲ. ದಿಣ್ಣೆಯ ನೆತ್ತಿ ತಲುಪಿದಾಗ ಎದುರಿಗೆ ಮತ್ತೆ ಸೊಪ್ಪು.

ಯಾರೋ ಆಟ ಆಡುತ್ತಿದ್ದಾರೆ ಎಂದು ರಕ್ತ ಕುದಿಯಿತು. ನಿಲ್ಲಿಸಿ ಜ್ಯಾಕ್ ರಾಡು ಹಿಡಿದುಕೊಂಡೇ ಇಳಿದೆ. "ಯಾವನೋ ಅವ್ನು, ಬಾರೋ ಈಚೆಗೆ" ಎಂದು ಕೂಗಿದೆ. ಅವಿತುಕೊಳ್ಳಲು ಅಲ್ಲಿ ಒಂದು ಪೊದೆಯೂ ಇರಲಿಲ್ಲ. ಎರಡೂ ಕಡೆ ಬೋಳು ಮಣ್ಣು. ದೂರದಲ್ಲಿ ಒಂದು ರೋಲರು ನಿಂತಿತ್ತು, ಅದರ ಮೇಲೂ ಯಾರೂ ಇಲ್ಲ. ಬಗ್ಗಿ ಒಂದು ಕೊಂಬೆ ಎತ್ತಿದೆ. ಮುರಿದ ಕಡೆ ಹಾಲು ಇನ್ನೂ ತೊಟ್ಟಿಕ್ಕುತ್ತಿತ್ತು. ಎಲೆ ಉದ್ದ, ತುದಿಯಲ್ಲಿ ಗೊಂಚಲು, ನಡುವೆ ಹೂವು. ಆ ಹೂವಿನ ಕಮಟು ಸಿಹಿ ವಾಸನೆ ಒಮ್ಮೆ ಮೂಗಿಗೆ ಬಡಿದರೆ ಮರೆಯುವಂಥದ್ದಲ್ಲ. ಹಿಪ್ಪೆ.

ಅದಾದರೂ ಹೋಗಲಿ. ಎರಡನೇ ಕೊಂಬೆಯ ತುದಿಯ ಎಲೆಗಳು ಜಜ್ಜಿಹೋಗಿದ್ದವು. ಅವುಗಳ ಮೇಲೆ ಟಯರಿನ ಅಚ್ಚು. ನನ್ನ ಮುಂದಿನ ಎಡ ಚಕ್ರದ ಟಯರಿನಲ್ಲಿ ಒಂದು ಕಡೆ ರಬ್ಬರು ಚೂರು ಕಿತ್ತುಹೋಗಿತ್ತು. ಆ ಅಚ್ಚಿನಲ್ಲೂ ಅದೇ ಜಾಗ ಖಾಲಿ. ಕೊಂಬೆಯನ್ನು ತಂದು ಟಯರಿನ ಮೇಲೆ ಇಟ್ಟು ನೋಡಿದೆ. ಕೂತಿತು. ಈಗ ತಾನೇ ಕೆಳಗೆ ನಾನೇ ತುಳಿದು, ನಾನೇ ಎಸೆದ ಕೊಂಬೆ ಅದು. ಅದು ನನಗಿಂತ ಮುಂಚೆ ದಿಣ್ಣೆ ಹತ್ತಿ ಕೂತಿತ್ತು. ನನಗೆ ಭಯವಾಯಿತು ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆಯಿತು.

ಯಾಕೆಂದು ಗೊತ್ತಿಲ್ಲ, ನಾಲ್ಕು ಹೆಜ್ಜೆ ಮುಂದೆ ನಡೆದು ಇಳಿಜಾರಿನ ಕಡೆ ನೋಡಿದೆ. ಕೆಳಗೆ ಹೊಸ ಮೋರಿಯ ಹತ್ತಿರ ರಸ್ತೆ ಇರಲಿಲ್ಲ. ಒಳಗಿನ ಮಣ್ಣು ಕುಸಿದು ಡಾಂಬರು ಬಾಯಿ ಬಿಟ್ಟಿತ್ತು. ಒಂದು ಲಾರಿ ಮೂತಿ ಕೆಳಗಾಗಿ ಇಳಿಯುವಷ್ಟು ದೊಡ್ಡ ಗುಂಡಿ, ಅದರೊಳಗೆ ಕಬ್ಬಿಣದ ಸಲಾಕೆಗಳು ಮೇಲೆ ನೋಡುತ್ತಿದ್ದವು. ಏರು ದಾಟಿ ಲೋಡಿನ ಭಾರಕ್ಕೆ ಇಳಿಯುತ್ತಾ ಹೋದವನಿಗೆ ಅದು ಕಂಡಾಗ ಬ್ರೇಕು ಹಿಡಿಯುವುದಿಲ್ಲ.

ಅಷ್ಟರಲ್ಲಿ ಹಿಂದೆ ಹಾರ್ನ್ ಕೇಳಿಸಿತು. ರಂಗಪ್ಪ.

ನನ್ನ ಲಾರಿಯ ಹಿಂದೆ ಸೊಪ್ಪಿರಲಿಲ್ಲ, ಇದ್ದದ್ದು ಮುಂದೆ. ಒಂದಕ್ಕೆ ಇಳಿದಿದ್ದಾನೆ ಎಂದುಕೊಂಡು ಅವನು ಆಗಲೇ ಬಲಕ್ಕೆ ಎಳೆದುಕೊಂಡಿದ್ದ. ಕೆಳಗಿನ ಸೊಪ್ಪನ್ನು ನಾನೇ ಎಸೆದು ಬಂದಿದ್ದೆ. ಎರಡೂ ಕೈ ಎತ್ತಿ ಬೀಸಿದೆ. ಅವನು ಹಲ್ಲು ಕಿರಿದು ತಾನೂ ಕೈ ಬೀಸಿದ. ಸಾವಿತ್ರಮ್ಮ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಮುಂದಕ್ಕೆ ಬಗ್ಗಿ ಕೂತಿದ್ದು ಕಾಣಿಸಿತು. ಹಿಂದಕ್ಕೆ ಓಡಿ, ರಸ್ತೆಯಲ್ಲಿದ್ದ ಹಿಪ್ಪೆ ಕೊಂಬೆಗಳನ್ನೆಲ್ಲ ಬಾಚಿ ತಬ್ಬಿಕೊಂಡು, ಅವನ ಲಾರಿಯ ಮುಂದೆ ಎಸೆದು, ಪಕ್ಕಕ್ಕೆ ಬಿದ್ದೆ.

ಅವನು ನಿಲ್ಲಿಸಿದ. ಮುಂದಿನ ಚಕ್ರ ಸೊಪ್ಪು ಮುಟ್ಟಿ ನಿಂತಿತ್ತು.

"ಏನ್ ಭಾಯ್, ತಲೆಗಿಲೆ ಕೆಟ್ಟೈತಾ ನಿಂಗೆ" ಎನ್ನುತ್ತಾ ಇಳಿದ. ನಾನು ಮುಂದಕ್ಕೆ ಕೈ ತೋರಿಸಿದೆ. ಹೋಗಿ ನೋಡಿಕೊಂಡು ಬಂದವನು ರಸ್ತೆಯ ಮೇಲೇ ಕುಕ್ಕರಿಸಿದ. ಕೂತಲ್ಲಿಂದಲೇ ಹೇಳಿದ: "ನಿನ್ ಕೈ ನೋಡಿ ನಾನು ನಿಲ್ಲಿಸ್ತಿರ್ಲಿಲ್ಲ ಕಣೋ. ದಿನಾ ಕೋತಿ ಆಟ ಆಡ್ತೀಯ, ಇವತ್ತೂ ಅದೇ ಅಂದ್ಕಂಡೆ. ಸೊಪ್ಪು ನೋಡಿ ನಿಲ್ಸಿದೆ."

ಆಮೇಲೆ ಕೊಂಬೆ ಎತ್ತಿ ಮೂಸಿ ನೋಡಿ, "ಇದು ಹಿಪ್ಪೆ ಸೊಪ್ಪಲ್ವೇನೋ, ಎಲ್ಲಿ ಮುರಿದೆ" ಎಂದು ಕೇಳಿದ. ನಾನು ಮುರಿದದ್ದಲ್ಲ ಎಂದು, ಕೆಳಗೆ ಎಸೆದದ್ದನ್ನೂ ಟಯರಿನ ಅಚ್ಚನ್ನೂ ಹೇಳಿದೆ. ಅವನು ಸುತ್ತ ಬೋಳು ನೆಲ ನೋಡಿದ, ಕಾಲಡಿಯ ಡಾಂಬರು ನೋಡಿದ. ಆ ಮರ ನಿಂತಿದ್ದದ್ದು ಹೆಚ್ಚುಕಡಿಮೆ ಅಲ್ಲೇ. ಅವನಿಗೂ ಅದು ಗೊತ್ತಿತ್ತು. ಚಪ್ಪಲಿ ಬಿಟ್ಟು ಎದ್ದು ನಿಂತ.

ಇಬ್ಬರೂ ಕೆಳಗೆ ನಡೆದುಹೋಗಿ ಇಳಿಜಾರಿನಲ್ಲಿ ಹುಡುಕಿದೆವು. ನಾನು ಎಸೆದ ಜಾಗದಲ್ಲಿ ಒಂದು ಎಲೆಯೂ ಇರಲಿಲ್ಲ. ನನ್ನ ಲುಂಗಿಯ ಮೇಲೆ ಹಾಲಿನ ಕಲೆ ಮಾತ್ರ ಇತ್ತು.

ಸುದ್ದಿ ಹೋಗಿ ಹಳದಿ ಟೋಪಿಯ ಒಬ್ಬ ಎಂಜಿನಿಯರು ಜೀಪಿನಲ್ಲಿ ಬಂದ. ಗುಂಡಿ ನೋಡಿ ಬೆವರು ಒರೆಸಿಕೊಂಡ. ಆಮೇಲೆ ನಮ್ಮ ಕಡೆ ತಿರುಗಿ, ಹೊಸ ರಸ್ತೆ ಮೇಲೆ ಕಸ ಹಾಕಿದ್ದು ಯಾರು ಎಂದು ಕೇಳಿದ. ದೇವರಾಣೆ, ಇದನ್ನೇ ಕೇಳಿದ. ಆಳುಗಳನ್ನು ಕರೆದು ಕೊಂಬೆಗಳನ್ನೆಲ್ಲ ಟ್ರಾಕ್ಟರಿಗೆ ತುಂಬಿಸಿ ಕಳಿಸಿದ. ನಾನು ಅವತ್ತು ಆಡಿದ ಮಾತುಗಳನ್ನು ಅಚ್ಚು ಹಾಕಿಸುವ ಹಾಗಿಲ್ಲ. ಒಂದೇ ಒಂದು ಚಿಗುರನ್ನು ಸಾವಿತ್ರಮ್ಮ ಮೊದಲೇ ಕಿತ್ತು ಗಂಟಿನೊಳಗೆ ಇಟ್ಟುಕೊಂಡಿದ್ದರು. ಅದನ್ನು ತೊಟ್ಟಿಲಿಗೆ ಕಟ್ಟಿದರಂತೆ.

ನಾನೂ ಸುಮ್ಮನೆ ಕೂರಲಿಲ್ಲ. ಆ ಹೊತ್ತಿನಲ್ಲಿ ಕೆಲಸದವರು ಒಬ್ಬರಾದರೂ ಅಲ್ಲಿದ್ದರೇ ಎಂದು ಅವರ ಶೆಡ್ಡಿಗೇ ಹೋಗಿ ಕೇಳಿದೆ, ಎಲ್ಲರೂ ಊಟಕ್ಕೆ ಹೋಗಿದ್ದರು. ಅಜ್ಜಂಪುರದ ಕಡೆ ಲೋಡಿಗೆ ಹೋದಾಗೆಲ್ಲ ದಾರಿಯ ಮರಗಳನ್ನು ನೋಡುತ್ತಾ ಹೋದೆ. ಬೇವು, ಹುಣಸೆ, ಹೊಂಗೆ ಕಂಡವು, ಹಿಪ್ಪೆ ಕಾಣಲಿಲ್ಲ. ಎಲ್ಲೋ ಇರಬಹುದು, ಯಾರೋ ತಂದಿರಬಹುದು, ಗುಂಡಿ ನೋಡಿ ಹಾಕಿ ಓಡಿಹೋಗಿರಬಹುದು. ಒಪ್ಪುತ್ತೇನೆ. ಆದರೆ ಕಿತ್ತ ರಬ್ಬರಿನ ಗುರುತು? ರಂಗಪ್ಪ ಆ ಜಾಗದಲ್ಲಿ ಒಂದು ಕಲ್ಲು ನೆಟ್ಟು ಕುಂಕುಮ ಹಚ್ಚಬೇಕು ಎಂದ. ಕಲ್ಲು ನೆಟ್ಟರೆ ನಿನ್ನ ಜೊತೆ ಮಾತು ಬಿಡುತ್ತೇನೆ ಎಂದೆ. ಅವನು ನೆಡಲಿಲ್ಲ. ಆ ಮಗು ಈಗ ಅಂಗನವಾಡಿಗೆ ಹೋಗುತ್ತದೆ, ನನ್ನನ್ನು ಸೊಪ್ಪಿನ ತಾತ ಎಂದು ಕರೆಯುತ್ತದೆ. ಹಾಗೆ ಹೇಳಿಕೊಟ್ಟವರು ಯಾರೆಂದು ನನಗೆ ಗೊತ್ತು.

ರಸ್ತೆ ಈಗ ಪೂರ್ತಿಯಾಗಿದೆ. ಮುರಿಯಲು ಒಂದು ಮರವಿಲ್ಲದಿದ್ದರೂ ನಮ್ಮ ಬೇವಾರ್ಸಿಗಳು ಎಲ್ಲಿಂದಲೋ ಸೊಪ್ಪು ತಂದು ಹಾಕುತ್ತಾರೆ, ರಿಪೇರಿಯಾದ ಮೇಲೆ ಬಿಟ್ಟೂ ಹೋಗುತ್ತಾರೆ. ನಾನು ಈಗಲೂ ನಿಲ್ಲಿಸುತ್ತೇನೆ, ಇಳಿಯುತ್ತೇನೆ, ಬೈಯುತ್ತೇನೆ. ಆದರೆ ಎಸೆಯುವ ಮುಂಚೆ ಮುಂದಕ್ಕೆ ನಡೆದುಹೋಗಿ ರಸ್ತೆ ನೋಡಿಕೊಂಡು ಬರುತ್ತೇನೆ. ಅಲ್ಲಿ ಏನೂ ಇರುವುದಿಲ್ಲ. ಎಸೆದು ಲಾರಿ ಹತ್ತಿದ ಮೇಲೂ, ಮುಂದಿನ ದಿಣ್ಣೆ ದಾಟುವವರೆಗೆ ಗೇರು ಇಳಿಸಿಕೊಂಡು ನಿಧಾನವಾಗಿ ಹೋಗುತ್ತೇನೆ. ಹಿಂದೆ ಬರುವ ಲಾರಿಗಳೆಲ್ಲ ಹಾರ್ನ್ ಹೊಡೆದು ಜೀವ ತಿನ್ನುತ್ತವೆ. ರಂಗಪ್ಪ ಹಿಂದಿದ್ದ ದಿನ ಮಾತ್ರ ಹಾರ್ನ್ ಕೇಳಿಸುವುದಿಲ್ಲ.